ಸಿಸ್ಟರ್ ಕೊಡುವ ಔಷಧಿ: ರೋಗಿಗಳು ಹಾಗೂ ಮನೆಯವರು ತಿಳಿದಿರಬೇಕಾದ ನಿಯಮಗಳು



ರಾಜೂರ, ಸೂಡಿ, ನರೇಗಲ್, ಗಜೇಂದ್ರಗಡದ ಕಡೆಯಿಂದ ಬಂದು ಆಸ್ಪತ್ರೆಗೆ ದಾಖಲಾದ ನೀವು ಡಾಕ್ಟರನ್ನು ದಿನಕ್ಕೆ ಒಂದೆರಡು ಸಲ ನೋಡುತ್ತೀರಿ. ಸಿಸ್ಟರ್ ಮಾತ್ರ ಹಗಲು ರಾತ್ರಿ ವಾರ್ಡಿನಲ್ಲೇ ಇರುತ್ತಾರೆ. ಆದ್ದರಿಂದ ಜ್ವರ ಏರಿದರೂ, ನೋವು ಬಂದರೂ ನೀವು ಮೊದಲು ಕರೆಯುವುದು ಅವರನ್ನೇ.

"ಸಿಸ್ಟರ್, ಅಪ್ಪಗ ಹೊಟ್ಟಿ ಭಾಳ ನೋಯಾಕತ್ತೈತ್ರಿ, ಒಂದು ಸೂಜಿ ಮಾಡ್ರಿ" ಎಂದು ಮಗ ಕೇಳುತ್ತಾನೆ.

"ಡಾಕ್ಟರಿಗೆ ಫೋನ್ ಹಚ್ಚೀನ್ರಿ, ಅವರು ಹೇಳಿದ ಕೂಡ್ಲೆ ಮಾಡ್ತೀನಿ" ಎಂದು ಸಿಸ್ಟರ್ ಹೇಳುತ್ತಾರೆ.

ಆಗ ಮನೆಯವರಿಗೆ ಸಿಟ್ಟು ಬರುವುದು ಸಹಜ. ಔಷಧಿ ಕಪಾಟಿನಲ್ಲೇ ಇದೆ, ಸಿರಿಂಜ್ ಕೈಯಲ್ಲೇ ಇದೆ, ಕೊಡಲು ಇವರಿಗೇನು ಕಷ್ಟ ಎಂದು ಅನಿಸುತ್ತದೆ. ಆದರೆ ಅಪ್ಪನ ನೋವು ಬರೀ ಹೊಟ್ಟೆಯ ನೋವೇ ಎಂದು ಆ ಗಳಿಗೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಮೇಲ್ಹೊಟ್ಟೆಯ ನೋವು ಕೆಲವೊಮ್ಮೆ ಹೃದಯಾಘಾತದ ನೋವಾಗಿರುತ್ತದೆ. ನೋವಿಗೆಂದು ಮಾಡುವ ಡೈಕ್ಲೋಫೆನಾಕ್ ಸೂಜಿ ಹೊಟ್ಟೆಹುಣ್ಣು ಇದ್ದವರಲ್ಲಿ ರಕ್ತಸ್ರಾವ ಉಂಟುಮಾಡಬಹುದು; ಮೂತ್ರಪಿಂಡ ದುರ್ಬಲವಾಗಿದ್ದವರಿಗೆ ಇನ್ನಷ್ಟು ಹಾನಿ ಮಾಡಬಹುದು. ಸಿಸ್ಟರ್ ತಡೆದು ನಿಂತದ್ದು ಈ ಕಾರಣಕ್ಕೆ. ಅವರ ಕೆಲಸದ ಎಲ್ಲೆ ಯಾವುದು, ಔಷಧಿ ಕೊಡುವ ನಿಯಮ ಏನು ಎಂಬುದನ್ನು ನೀವೂ ತಿಳಿದುಕೊಂಡರೆ ರೋಗಿಗೆ ಎರಡು ಪಟ್ಟು ರಕ್ಷಣೆ ದೊರೆಯುತ್ತದೆ.

ಸಿಸ್ಟರ್ ಎಂದರೆ ಯಾರು?

ಬಿಳಿ ಬಟ್ಟೆ ತೊಟ್ಟವರೆಲ್ಲ ನರ್ಸ್ ಅಲ್ಲ. ಜಿ.ಎನ್.ಎಂ. ತರಬೇತಿ 3 ವರ್ಷ, ಬಿ.ಎಸ್ಸಿ. ನರ್ಸಿಂಗ್ 4 ವರ್ಷ, ಹಳ್ಳಿಯ ಉಪಕೇಂದ್ರಗಳಲ್ಲಿ ಕೆಲಸ ಮಾಡುವವರ ಎ.ಎನ್.ಎಂ. ತರಬೇತಿ 2 ವರ್ಷ. ಓದು ಮುಗಿದ ಮೇಲೆ ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ನಮ್ಮ ರಾಜ್ಯದಲ್ಲಿ ಇದಕ್ಕಾಗಿ 1961ರಲ್ಲೇ ಕಾಯ್ದೆ ಬಂದಿದೆ. ದೇಶಮಟ್ಟದಲ್ಲಿ 1947ರಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯ್ದೆ ಆಯಿತು; 2023ರಲ್ಲಿ ಸಂಸತ್ತು ಶುಶ್ರೂಷೆ ಮತ್ತು ಪ್ರಸೂತಿ ಸೇವೆಗೆ ರಾಷ್ಟ್ರೀಯ ಆಯೋಗ ರಚಿಸುವ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ಆಯಾಗಳು, ವಾರ್ಡ್ ಬಾಯ್‌ಗಳು ರೋಗಿಯ ಆರೈಕೆಯಲ್ಲಿ ನೆರವಾಗುತ್ತಾರೆ. ಸೂಜಿ ಮಾಡುವುದು, ಸಲಾಯಿನ್ ಬದಲಿಸುವುದು ಅವರ ಕೆಲಸವಲ್ಲ. ಸಿಸ್ಟರ್ ಬರುವುದು ತಡವಾಯಿತೆಂದು ಅವರಿಂದ ಈ ಕೆಲಸ ಮಾಡಿಸಿಕೊಳ್ಳಬೇಡಿ.

ಯಾವ ಕೆಲಸಕ್ಕೆ ಯಾರ ಅಪ್ಪಣೆ?

1. ಸಿಸ್ಟರ್ ತಾವಾಗಿಯೇ ಮಾಡುವ ಕೆಲಸಗಳು: ಜ್ವರ, ನಾಡಿ, ರಕ್ತದೊತ್ತಡ, ಉಸಿರಾಟ ನೋಡುವುದು, ಒದ್ದೆ ಬಟ್ಟೆಯಿಂದ ಮೈ ಒರೆಸುವುದು, ಮಗ್ಗಲು ಬದಲಿಸಿ ಬೆನ್ನುಹುಣ್ಣು ಆಗದಂತೆ ನೋಡಿಕೊಳ್ಳುವುದು, ರೋಗಿಯ ಸ್ಥಿತಿ ಬದಲಾದರೆ ಡಾಕ್ಟರಿಗೆ ತಿಳಿಸುವುದು. ಮೇಲೆ ಹೇಳಿದ ಅಪ್ಪನ ವಿಷಯದಲ್ಲಿಯೂ ಫೋನ್ ಹಚ್ಚಿದ ಸಿಸ್ಟರ್ ಸುಮ್ಮನೆ ಕೂತಿರುವುದಿಲ್ಲ. ನಾಡಿ ಮತ್ತು ರಕ್ತದೊತ್ತಡ ನೋಡಿ ಡಾಕ್ಟರಿಗೆ ಹೇಳುತ್ತಾರೆ.

2. ಡಾಕ್ಟರ್ ಬರೆದ ಮೇಲೆ ಮಾಡುವ ಕೆಲಸಗಳು: ಗುಳಿಗೆ, ಸೂಜಿ, ಸಲಾಯಿನ್, ರಕ್ತ ಏರಿಸುವುದು. ತುರ್ತು ಸಮಯದಲ್ಲಿ ಡಾಕ್ಟರ್ ಫೋನಿನಲ್ಲಿ ಹೇಳಬಹುದು. ಆಗ ಸಿಸ್ಟರ್ ಅದನ್ನು ಬರೆದುಕೊಂಡು, ತಿರುಗಿ ಓದಿ ಹೇಳಿ, ಸರಿಯೆಂದು ಖಚಿತ ಮಾಡಿಕೊಂಡು ಕೊಡುತ್ತಾರೆ. ಡಾಕ್ಟರ್ ಬಂದ ಮೇಲೆ ಅದಕ್ಕೆ ಸಹಿ ಮಾಡುತ್ತಾರೆ.

3. ಸಿಸ್ಟರ್ ಮಾಡಬಾರದ ಕೆಲಸಗಳು: ತಾವೇ ಔಷಧಿ ಬರೆದುಕೊಡುವುದು, ಡಾಕ್ಟರ್ ಬರೆದ ಪ್ರಮಾಣವನ್ನು ತಾವೇ ಹೆಚ್ಚು ಕಡಿಮೆ ಮಾಡುವುದು, ಒಂದರ ಬದಲು ಇನ್ನೊಂದು ಔಷಧಿ ಕೊಡುವುದು. ಗುಳಿಗೆಯ ಪಟ್ಟಿಯ ಮೇಲೆ ಆರ್‌ಎಕ್ಸ್ ಗುರುತು ಇದ್ದರೆ ಅದನ್ನು ನೋಂದಾಯಿತ ವೈದ್ಯರ ಚೀಟಿಯ ಮೇಲೆಯೇ ಮಾರಬೇಕೆಂದು 1945ರ ಔಷಧ ನಿಯಮಗಳು ಹೇಳುತ್ತವೆ. ಆ ಚೀಟಿ ಬರೆಯುವ ಅಧಿಕಾರ ವೈದ್ಯರದು.

ಇನ್ನೊಂದು ಮಾತು. ಡಾಕ್ಟರ್ ಬರೆದದ್ದು ತಪ್ಪೆಂದು ಅನುಮಾನ ಬಂದರೆ, ಅಥವಾ ಅಕ್ಷರ ತಿಳಿಯದಿದ್ದರೆ, ಸಿಸ್ಟರ್ ಕೊಡದೆ ನಿಂತು ಕೇಳಲೇಬೇಕು. ಹೈಡ್ರಲಜಿನ್ ಎಂಬುದು ರಕ್ತದೊತ್ತಡದ ಔಷಧಿ, ಹೈಡ್ರಾಕ್ಸಿಝಿನ್ ಎಂಬುದು ತುರಿಕೆಯ ಔಷಧಿ. ಹೆಸರು ಹತ್ತಿರ, ಕೆಲಸ ಬೇರೆ ಬೇರೆ. ಕೇಳಿ ತಿಳಿದುಕೊಳ್ಳುವ ಸಿಸ್ಟರ್ ಕೆಲಸ ಬಲ್ಲವರೇ ಹೊರತು ಬಾರದವರಲ್ಲ.

ಹಳ್ಳಿಯ ಉಪಕೇಂದ್ರದಲ್ಲಿ ನಿಯಮ ಬೇರೆಯೇ?

"ನಮ್ಮೂರ ನರ್ಸಮ್ಮ ಡಾಕ್ಟರ್ ಇಲ್ಲದೇ ಹೆರಿಗೆ ಸೂಜಿ ಮಾಡತಾರಲ್ಲ?" ಎಂದು ನೀವು ಕೇಳಬಹುದು. ಹೌದು, ಅದಕ್ಕೂ ಲಿಖಿತ ನಿಯಮವಿದೆ. ಕೇಂದ್ರ ಆರೋಗ್ಯ ಸಚಿವಾಲಯದ 2010ರ ಮಾರ್ಗಸೂಚಿಯಂತೆ, ತರಬೇತಿ ಪಡೆದ ಎ.ಎನ್.ಎಂ. ಹಾಗೂ ಸ್ಟಾಫ್ ನರ್ಸ್‌ಗಳು ಕೂಸು ಹುಟ್ಟಿದ ಕೂಡಲೇ ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಸೂಜಿ ಮಾಡಬಹುದು. ಇದರಿಂದ ಹೆರಿಗೆಯ ನಂತರದ ಅತಿ ರಕ್ತಸ್ರಾವ ತಡೆಯುತ್ತದೆ. ಬಸುರಿಗೆ ರಕ್ತದೊತ್ತಡ ಏರಿ ಫಿಟ್ಸ್ ಬಂದರೆ ಮ್ಯಾಗ್ನೀಷಿಯಂ ಸಲ್ಫೇಟ್‌ನ ಮೊದಲ ಡೋಸನ್ನು ಎರಡೂ ಪೃಷ್ಠಗಳಿಗೆ 5 ಗ್ರಾಂನಂತೆ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳುಹಿಸಬಹುದು. ಗಾಡಿ ಸಿಕ್ಕು ಗದಗ ಮುಟ್ಟುವವರೆಗೆ ಕಾಯ್ದರೆ ಜೀವ ಹೋಗುವ ಪ್ರಸಂಗಗಳಿಗೆ ಮಾತ್ರ ಈ ಅನುಮತಿ. ಔಷಧಿ ಯಾವುದು, ಎಷ್ಟು, ಯಾವಾಗ ಎಂಬುದು ಮೊದಲೇ ಬರೆದಿರುತ್ತದೆ. ಆದ್ದರಿಂದ ಅದೇ ನರ್ಸಮ್ಮನಿಗೆ "ಕೆಮ್ಮಿಗೂ ಒಂದು ಸೂಜಿ ಮಾಡಿಬಿಡ್ರಿ" ಎಂದು ಒತ್ತಾಯಿಸುವುದು ಸರಿಯಲ್ಲ.

ಔಷಧಿ ಕೊಡುವ ಮೊದಲು ಐದು 'ಸರಿ'ಗಳು

ಜಗತ್ತಿನ ಎಲ್ಲ ಕಡೆ ನರ್ಸ್‌ಗಳಿಗೆ ಕಲಿಸುವ ಪಾಠವಿದು: ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ವೇಳೆ. ಕೊಟ್ಟ ಕೂಡಲೇ ಕೇಸ್ ಪೇಪರಿನಲ್ಲಿ ಬರೆದು ಸಹಿ ಮಾಡುವುದು ಆರನೆಯದು.

ಪ್ರತಿ ಸಲವೂ ಸಿಸ್ಟರ್ ನಿಮ್ಮ ಹೆಸರು ಕೇಳುವುದು ಇದಕ್ಕಾಗಿ. "ಮುಂಜಾನೆ ಹೇಳಿಲ್ಲೇನ್ರಿ?" ಎಂದು ಬೇಸರಪಡಬೇಡಿ. ಒಂದೇ ವಾರ್ಡಿನಲ್ಲಿ ಇಬ್ಬರು ಬಸಪ್ಪ, ಮೂವರು ನೀಲವ್ವ ಇರುವುದು ನಮ್ಮ ಕಡೆ ಹೊಸದಲ್ಲ. ಸಿಸ್ಟರ್ ಹೆಸರು ಹಿಡಿದು ಕೂಗಿದಾಗ ಬರೀ "ಹೂಂ" ಎನ್ನದೆ, ನಿಮ್ಮ ಪೂರ್ತಿ ಹೆಸರು ಮತ್ತು ಊರು ಹೇಳಿ. ಮಂಚ ಬದಲಿಸಿಕೊಂಡಿದ್ದರೆ ಅದನ್ನೂ ತಿಳಿಸಿ.

ಇನ್ಸುಲಿನ್: ವಿಶೇಷ ಎಚ್ಚರಿಕೆ

ಸಕ್ಕರೆ ಕಾಯಿಲೆಯವರು ಇದನ್ನು ಮನಸ್ಸಿಟ್ಟು ಓದಬೇಕು. ನಮ್ಮ ದೇಶದಲ್ಲಿ ಇನ್ಸುಲಿನ್ ಹೆಚ್ಚಾಗಿ ಎರಡು ಬಲದಲ್ಲಿ ಸಿಗುತ್ತದೆ: 1 ಮಿ.ಲೀ.ಗೆ 40 ಯೂನಿಟ್ ಇರುವುದು, 1 ಮಿ.ಲೀ.ಗೆ 100 ಯೂನಿಟ್ ಇರುವುದು. ಸಿರಿಂಜುಗಳೂ ಬೇರೆ ಬೇರೆ. ಸಾಮಾನ್ಯವಾಗಿ 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರ ಸಿರಿಂಜಿಗೆ ಕಿತ್ತಳೆ ಬಣ್ಣದ ಮುಚ್ಚಳ ಇರುತ್ತದೆ. ಆದರೂ ಬಣ್ಣವನ್ನಷ್ಟೇ ನಂಬದೆ ಬರೆದ ಅಂಕಿ ಓದಿ. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 20 ಯೂನಿಟ್ ಅಲ್ಲ, 50 ಯೂನಿಟ್. ರಕ್ತದ ಸಕ್ಕರೆ ಒಮ್ಮೆಲೇ ಇಳಿದು ರೋಗಿ ಎಚ್ಚರ ತಪ್ಪಬಹುದು. ಅದಲುಬದಲಾಗಿ 40ರ ಇನ್ಸುಲಿನ್ನನ್ನು 100ರ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಹೋಗುವುದು ಬರೀ 8 ಯೂನಿಟ್.

ದಾಖಲಾದ ರೋಗಿಗೆ ಮನೆಯಿಂದ ತಂದ ಇನ್ಸುಲಿನ್ನನ್ನು ನೀವಾಗಿಯೇ ಕೊಡಬೇಡಿ. ಸಿಸ್ಟರ್ ಒಮ್ಮೆ, ಮಗ ಒಮ್ಮೆ ಕೊಟ್ಟರೆ ಡೋಸ್ ಎರಡಾಗುತ್ತದೆ. ರೋಗಿ ಊಟ ಮಾಡಿಲ್ಲದಿದ್ದರೆ, ವಾಂತಿಯಾಗಿದ್ದರೆ, ಸೂಜಿಗೆ ಮೊದಲೇ ಹೇಳಿ. ಬೆವರು, ನಡುಕ, ಅತಿ ಹಸಿವು, ತಡವರಿಸುವ ಮಾತು ಕಂಡರೆ ಕೂಡಲೇ ಸಿಸ್ಟರನ್ನು ಕರೆಯಿರಿ.

"ಶಕ್ತಿಗೆ ಒಂದು ಬಾಟ್ಲಿ" ಬೇಕೇ?

ಸಲಾಯಿನ್ ಕೂಡ ಔಷಧಿಯೇ. ಡಾಕ್ಟರ್ ಬರೆಯದೆ ಸಿಸ್ಟರ್ ಅದನ್ನು ಹಚ್ಚುವಂತಿಲ್ಲ. ಸಾಮಾನ್ಯ ಸಲಾಯಿನ್ನಿನ 500 ಮಿ.ಲೀ. ಬಾಟಲಿಯಲ್ಲಿರುವುದು ನೀರು ಮತ್ತು 4.5 ಗ್ರಾಂ ಉಪ್ಪು. ಶೇ. 5ರ ಗ್ಲೂಕೋಸ್ ಬಾಟಲಿಯಲ್ಲಿ 25 ಗ್ರಾಂ ಸಕ್ಕರೆ, ಅಂದರೆ ಸುಮಾರು ಐದು ಚಹಾ ಚಮಚ. ಬಾಯಿಂದ ಉಣ್ಣಬಲ್ಲ ರೋಗಿಗೆ ಅರ್ಧ ರೊಟ್ಟಿ, ಒಂದು ಬಟ್ಟಲು ಬೇಳೆ ಇದಕ್ಕಿಂತ ಮೇಲು. ಹೃದಯ ಅಥವಾ ಮೂತ್ರಪಿಂಡ ದುರ್ಬಲ ಇದ್ದವರಿಗೆ ಬೇಡವಾದ ಬಾಟಲಿ ಏರಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟಬಹುದು. ಬೇಗ ಮುಗಿಯಲಿ ಎಂದು ಸಲಾಯಿನ್ ನಳಿಗೆಯ ಚಕ್ರವನ್ನು ನೀವು ತಿರುಗಿಸುವುದೂ ಅಪಾಯವೇ.

ನೀವು ಮಾಡಬೇಕಾದದ್ದು

1. ಹಿಂದೆ ಯಾವುದಾದರೂ ಸೂಜಿ, ಗುಳಿಗೆಯಿಂದ ದದ್ದು, ಬಾವು, ಉಸಿರು ತೊಂದರೆ ಆಗಿದ್ದರೆ ದಾಖಲಾಗುವಾಗಲೇ ಹೇಳಿ, ಕೇಸ್ ಪೇಪರಿನಲ್ಲಿ ಬರೆಸಿ.

2. ಮನೆಯಲ್ಲಿ ತೆಗೆದುಕೊಳ್ಳುತ್ತಿದ್ದ ಎಲ್ಲ ಗುಳಿಗೆಗಳನ್ನೂ ನಾಟಿ ಔಷಧಿಗಳನ್ನೂ ತಂದು ತೋರಿಸಿ. ಪ್ಯಾರಾಸಿಟಮಾಲ್ ಹಲವು ಹೆಸರಿನಲ್ಲಿ ಬರುತ್ತದೆ. ದೊಡ್ಡವರಿಗೂ ದಿನಕ್ಕೆ ಒಟ್ಟು 4 ಗ್ರಾಂ ಮೀರಬಾರದು. ಮೀರಿದರೆ ಯಕೃತ್ತಿಗೆ ಪೆಟ್ಟು.

3. "ಇದು ಯಾವ ಔಷಧಿ, ಯಾತಕ್ಕೆ?" ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು. ಗುಳಿಗೆಯ ಬಣ್ಣ, ಆಕಾರ ನಿನ್ನೆಯಂತಿಲ್ಲದಿದ್ದರೆ ನುಂಗುವ ಮೊದಲೇ ಕೇಳಿ.

4. ನುಂಗಲು ಆಗದಿದ್ದರೆ ಗುಳಿಗೆಯನ್ನು ನೀವಾಗಿಯೇ ಪುಡಿ ಮಾಡಬೇಡಿ. ದಿನವಿಡೀ ನಿಧಾನವಾಗಿ ಕರಗಬೇಕಾದ ಗುಳಿಗೆ ಪುಡಿಯಾದರೆ ಒಮ್ಮೆಲೇ ಮೈಗೇರುತ್ತದೆ.

5. ಸೂಜಿಯ ನಂತರ ಕನಿಷ್ಠ ಅರ್ಧ ತಾಸು ಆಸ್ಪತ್ರೆಯಲ್ಲೇ ಕುಳಿತಿರಿ. ಮೈತುರಿಕೆ, ತುಟಿ ಬಾವು, ಎದೆ ಬಿಗಿತ, ತಲೆ ಸುತ್ತು ಬಂದರೆ ಕೂಗಿ ಕರೆಯಿರಿ.

6. ಮನೆಗೆ ಹೋದ ಮೇಲೂ ಸೂಜಿ ಮುಂದುವರಿಸಬೇಕಿದ್ದರೆ ಔಷಧಿಯ ಹೆಸರು, ಪ್ರಮಾಣ, ದಿನಗಳನ್ನು ಡಾಕ್ಟರಿಂದ ಚೀಟಿಯಲ್ಲಿ ಬರೆಸಿಕೊಂಡು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾಡಿಸಿಕೊಳ್ಳಿ. ನೋಂದಣಿ ಇಲ್ಲದವರ ಕೈಗೆ ತೋಳು ಕೊಡಬೇಡಿ.

7. ಔಷಧಿಯಿಂದ ತೊಂದರೆಯಾದರೆ ಡಾಕ್ಟರಿಗೆ ತಿಳಿಸಿ. ರಾಷ್ಟ್ರೀಯ ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024ಕ್ಕೂ ತಿಳಿಸಬಹುದು. ಜೀವಕ್ಕೆ ಅಪಾಯವೆನಿಸಿದರೆ 108.

ಕೊನೆಯ ಮಾತು

ಔಷಧಿಯಲ್ಲಿ ಆಗುವ ತಪ್ಪು ಬಹಳ ಸಲ ಅವಸರದಲ್ಲಿ ಆಗುತ್ತದೆ. ಸಿಸ್ಟರ್ ಔಷಧಿ ಎಣಿಸುವಾಗ, ಸಿರಿಂಜಿಗೆ ಎಳೆಯುವಾಗ ಮಾತಿಗೆ ಎಳೆಯಬೇಡಿ. ಕೆಲಸ ಮುಗಿದ ಮೇಲೆ ಬೇಕಾದಷ್ಟು ಕೇಳಿ. ಮುಂದಿನ ಸಲ "ಡಾಕ್ಟರನ್ನ ಕೇಳಿ ಕೊಡ್ತೀನ್ರಿ" ಎಂದು ಅವರು ಹೇಳಿದಾಗ ಸಿಟ್ಟಾಗದೆ ಎರಡು ನಿಮಿಷ ತಾಳಿಕೊಳ್ಳಿ. ನಿಮ್ಮ ಅಪ್ಪನ, ಅವ್ವನ ಜೀವದ ಕಾಳಜಿಯೇ ಆ ಮಾತನ್ನು ಆಡಿಸುತ್ತದೆ.

ಓದಲು ಬಾರದವರಿಗೆ ಈ ಪತ್ರಿಕೆಯನ್ನು ದಯವಿಟ್ಟು ಓದಿ ಹೇಳಿ.