ಮಾತು ತಿದ್ದಬೇಕೆ? ಮೊದಲು ಒಳಗೆ ನೋಡಿ

ತಿರುಪ್ಪೂರಿಗೆ ದುಡಿಯಲು ಬಂದ ಕನ್ನಡದ ಕ್ರೈಸ್ತ ಟೈಲರ್‌, ಕಟಿಂಗ್ ಮಾಸ್ಟರ್, ಹತ್ತಾರು ಜನರನ್ನಿಟ್ಟುಕೊಂಡ ಜಾಬ್‌ವರ್ಕ್ ಕಂಟ್ರಾಕ್ಟರ್: ಈ ಸೂತ್ರಗಳು ನಿಮಗಾಗಿ. ಈ ಬನಿಯನ್ ಊರಲ್ಲಿ ಯಶಸ್ಸನ್ನು ಪೀಸ್ ಲೆಕ್ಕದಲ್ಲಿ ಅಳೆಯುತ್ತಾರೆ, ಅಳೆಯಲಿ. ಇಲ್ಲಿ ಹೇಳಹೊರಟಿರುವುದು ಭಾನುವಾರದ ಪ್ರಾರ್ಥನೆಯೂ ಸೋಮವಾರದ ಬೈಗುಳವೂ ಒಂದೇ ಬಾಯಿಂದ ಬರುವ ಸಮಸ್ಯೆಯ ಬಗ್ಗೆ.

1. ಬಾಯನ್ನು ಬಿಡಿ, ಮೂಲ ಹುಡುಕಿ
ವೆಳ್ಳಿಯಂಗಿರಿ ಬೆಟ್ಟಗಳ ಕಡೆಯಿಂದ ಇಳಿದು ಬರುವ ನೊಯ್ಯಲ್ ನದಿ ಕೊಯಮತ್ತೂರು, ತಿರುಪ್ಪೂರು ದಾಟಿ ಕಾವೇರಿ ಸೇರುತ್ತದೆ. ಕೆಳಗಿನ ಹೊಲಗಳಿಗೆ ನೀರು ಕೊಡಲೆಂದು ಒರತ್ತುಪ್ಪಾಳಯಂನಲ್ಲಿ ಕಟ್ಟಿದ ಅಣೆಕಟ್ಟು 1992ರಲ್ಲಿ ಮುಗಿಯಿತು. ಆದರೆ ಅದರಲ್ಲಿ ಬಂದು ನಿಂತದ್ದು ಡೈಯಿಂಗ್ ಘಟಕಗಳ ಬಣ್ಣ, ಉಪ್ಪು ಬೆರೆತ ನೀರು. ಅಣೆಕಟ್ಟಿನದೇನು ತಪ್ಪು? ಮೇಲಿನಿಂದ ಬಂದದ್ದನ್ನು ಅದು ಹಿಡಿದಿಟ್ಟುಕೊಂಡಿತು, ಅಷ್ಟೆ. ರೈತರು ಕೋರ್ಟಿಗೆ ಹೋದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಏಳುನೂರಕ್ಕೂ ಹೆಚ್ಚು ಘಟಕಗಳನ್ನು ಮುಚ್ಚಲು ಆದೇಶಿಸಿತು. ಕೊಳೆನೀರು ಒಂದು ತೊಟ್ಟೂ ಆಚೆ ಹೋಗದಂತೆ ಒಳಗೇ ಶುದ್ಧ ಮಾಡಬೇಕೆಂಬುದು ಕೋರ್ಟಿನ ಷರತ್ತಾಗಿತ್ತು.

ಲೂಕನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಯೇಸು ಇಡುವ ಷರತ್ತೂ ಇದೇ ಜಾತಿಯದು. ನಾಲಿಗೆಗೆ ಕಡಿವಾಣ ಹಾಕು ಎಂದು ಅವನು ಅಲ್ಲಿ ಹೇಳುವುದಿಲ್ಲ. ಎದೆಯಲ್ಲಿ ತುಂಬಿದ್ದನ್ನೇ ಬಾಯಿ ಆಡುತ್ತದೆ ಎಂದು ಹೇಳಿ, ಅಲ್ಲಿ ಏನನ್ನು ಕೂಡಿಟ್ಟಿದ್ದೀಯ ಎಂದು ನೋಡಿಕೊಳ್ಳುವಂತೆ ಮಾಡುತ್ತಾನೆ. ‘ಮಾತು ಆಡಿದರೆ ಹೋಯ್ತು’ ಎನ್ನುವ ನಮ್ಮ ಗಾದೆ ಬಾಯಿಯ ಹತ್ತಿರ ನಿಲ್ಲುತ್ತದೆ. ಸುವಾರ್ತೆ ಇನ್ನೂ ಹಿಂದಕ್ಕೆ ಹೋಗುತ್ತದೆ.

2. ‘ಕೋಪದಲ್ಲಿ ಅಂದುಬಿಟ್ಟೆ’ ಎನ್ನಬೇಡಿ
ಶಿಪ್‌ಮೆಂಟಿನ ಹಿಂದಿನ ರಾತ್ರಿ ಎಲ್ಲರ ಬಾಯಿಯೂ ಬಿಸಿ. ನಿಜ. ಆದರೆ ಒತ್ತಡ ಹೊಸದೇನನ್ನೂ ಹುಟ್ಟಿಸುವುದಿಲ್ಲ, ಇದ್ದದ್ದನ್ನು ಹೊರಗೆ ಹಾಕುತ್ತದೆ. ಮರುದಿನ ಕ್ಷಮೆ ಕೇಳುವಾಗ ‘ಟೆನ್ಷನ್ ಇತ್ತು’ ಅನ್ನುವುದನ್ನು ಬಿಟ್ಟು, ‘ನಿನ್ನ ಮೇಲೆ ನನಗೆ ಮೊದಲಿಂದ ಅಸಡ್ಡೆ ಇತ್ತು’ ಎಂದು ಒಪ್ಪಿಕೊಂಡು ನೋಡಿ. ಕಷ್ಟ. ಆದರೆ ರಿಪೇರಿ ಶುರುವಾಗುವುದು ಅಲ್ಲಿಂದಲೇ.

3. ಯಾರ ಮುಂದೆ ಬಾಯಿ ಸಡಿಲವಾಗುತ್ತದೆ, ಗಮನಿಸಿ
ಬೈಯರ್ ಕಡೆಯವರು ಬಂದರೆ ನಮಗೆಲ್ಲ ಜೇನಿನಂಥ ಮಾತು ಬರುತ್ತದೆ. ಅದು ಪರೀಕ್ಷೆಯಲ್ಲ. ಚೆಕಿಂಗ್ ಟೇಬಲ್ಲಿನ ಕೊನೆಯಲ್ಲಿ ದಾರ ಕತ್ತರಿಸುತ್ತ ಕೂತ ಒಡಿಶಾದ ಹುಡುಗಿಯನ್ನು, ಬಂಡಲ್ ಹೊರುವ ಬಿಹಾರದ ಹುಡುಗನನ್ನು ಹೇಗೆ ಕರೆಯುತ್ತೀರಿ? ಹೆಸರು ಹಿಡಿದೋ, ‘ಏಯ್ ಹಿಂದಿ’ ಎಂದೋ? ಮನೆಯಲ್ಲಿ ಕನ್ನಡ, ಚರ್ಚಿನಲ್ಲಿ ತಮಿಳು, ಬೈಯಲು ಹರಕು ಹಿಂದಿ ಇಟ್ಟುಕೊಂಡವರು ಯಾಕೋಬನ ಪತ್ರಿಕೆಯ 3ನೇ ಅಧ್ಯಾಯ ಓದಲಿ. ದೇವರನ್ನು ಕೊಂಡಾಡಿದ ಬಾಯಿಂದಲೇ ಮನುಷ್ಯನಿಗೆ ಶಾಪ ಬರುವುದನ್ನು ಯಾಕೋಬ ಸಹಿಸುವುದಿಲ್ಲ. ಭಾಷೆ ಬದಲಾಯಿಸಿದರೆ ವಿನಾಯಿತಿ ಎಂದೂ ಅವನು ಬರೆದಿಲ್ಲ. ಅಂದಹಾಗೆ, ಈ ಊರಿನಲ್ಲಿ ನಾವೂ ಹೊರಗಿನವರೇ.

4. ಸ್ತೋತ್ರವನ್ನು ಸೋಪಿನಂತೆ ಬಳಸಬೇಡಿ
ಮಾತುಮಾತಿಗೆ ‘ಸ್ತೋತ್ರ’, ‘ಕರ್ತನ ಚಿತ್ತ’ ಎಂದರೆ ಒಳಗಿನದು ತೊಳೆದುಹೋಗುವುದಿಲ್ಲ. ಬಾಯಲ್ಲಿ ಹತ್ತಿರ, ಹೃದಯದಲ್ಲಿ ದೂರ ಇರುವ ಭಕ್ತರ ಮೇಲೆ ಯೆಶಾಯ ಹೊರಿಸಿದ ಆರೋಪವನ್ನೇ ಯೇಸು ಮತ್ತೆ ಎತ್ತಿಕೊಂಡ, ಅದೂ ಧರ್ಮಶಾಸ್ತ್ರ ಬಲ್ಲವರ ಮುಂದೆ.

5. ಕೈ ಏನು ಮಾಡುತ್ತಿದೆ ನೋಡಿ
ಮಾತಿಗಿಂತ ಕೈ ಹೆಚ್ಚು ನಿಜ ಹೇಳುತ್ತದೆ ಎಂಬುದಕ್ಕೆ ಹಳೆಯದೊಂದು ಉದಾಹರಣೆ. ತಿರುಪ್ಪೂರು ಸೇರಿದಂತೆ ಕೊಯಮತ್ತೂರು ಸೀಮೆ 1799ರವರೆಗೆ ಟಿಪ್ಪುವಿನ ರಾಜ್ಯದಲ್ಲಿತ್ತು. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ನಾಡಿನ ಚದುರಿದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದವರು ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ. ಇಲ್ಲಿಯವರ ಉಡುಗೆ, ಊಟ ಹಿಡಿದ ಅವರನ್ನು ಜನ ‘ದೊಡ್ಡಸ್ವಾಮಿಯವರು’ ಎಂದು ಕರೆದರು. ಸಿಡುಬಿಗೆ ಲಸಿಕೆ ಹಾಕಿಸಿದರು, ನೆಲೆ ಕಳೆದುಕೊಂಡವರಿಗೆ ಹಾಸನದ ಕಡೆ ಬೇಸಾಯದ ಊರು ಮಾಡಿಕೊಟ್ಟರು. ವಿಚಿತ್ರವೆಂದರೆ, ದೇಶ ಬಿಟ್ಟ 1823ರಲ್ಲೇ ಪ್ರಕಟವಾದ ಅವರ ಪತ್ರಗಳು ಬರೀ ನಿರಾಶೆ: ಮತಪ್ರಚಾರ ಇಲ್ಲಿ ಸೋತಿದೆ ಎಂಬ ಒಪ್ಪಿಗೆ. ಆ ನಿರಾಶೆಯನ್ನು ಅಂದೇ ಹಲವು ಪಾದ್ರಿಗಳು ಖಂಡಿಸಿದರು. ನನಗೆ ಅದರಲ್ಲಿ ಕಪಟವಿಲ್ಲದ ಮನುಷ್ಯ ಕಾಣುತ್ತಾನೆ. ಪೆನ್ನು ಸೋಲನ್ನು ಮುಚ್ಚಿಡಲಿಲ್ಲ, ಕೈ ಕೆಲಸ ನಿಲ್ಲಿಸಿರಲಿಲ್ಲ.

6. ಕಿವಿಗೆ ಏನು ಹಾಕುತ್ತೀರಿ?
ಓವರ್‌ಲಾಕ್ ಮಿಷನ್ ಮುಂದೆ ದಿನವಿಡೀ ಇಯರ್‌ಫೋನ್. ಪಕ್ಕದವನ ಚಾಡಿ, ಜಗಳದ ವಿಡಿಯೋ ತುಂಬಿಸಿಕೊಂಡರೆ ಸಂಜೆ ಅದೇ ಹೊರಬರುತ್ತದೆ. 51ನೇ ಕೀರ್ತನೆ ಬಾಯಿಪಾಠ ಮಾಡಿ. ಬತ್ಷೆಬೆಯ ಪ್ರಕರಣದ ನಂತರದ್ದೆಂದು ಹೇಳುವ ದಾವೀದನ ಆ ಪ್ರಾರ್ಥನೆ ಒಳ್ಳೆಯ ಹೆಸರನ್ನು ಬೇಡುವುದಿಲ್ಲ, ಶುದ್ಧ ಹೃದಯವನ್ನು ಬೇಡುತ್ತದೆ.

7. ಶನಿವಾರದ ಬಟವಾಡೆ ಸರಿಮಾಡಿ
ಇಲ್ಲಿ ಕೂಲಿ ಹೆಚ್ಚಾಗಿ ವಾರದ ಲೆಕ್ಕ. ಕಂಟ್ರಾಕ್ಟರ್ ನೋಟ್‌ಬುಕ್ ತೆಗೆದು, ಪೀಸ್ ಎಣಿಸಿ, ‘ಇಷ್ಟು ರಿಜೆಕ್ಟ್’ ಎಂದು ಗೆರೆ ಎಳೆಯುವ ಆ ಹತ್ತು ನಿಮಿಷದಲ್ಲಿ ಅವನ ಹೃದಯ ಪುಟದ ಮೇಲೆ ಬಿದ್ದಿರುತ್ತದೆ. ತಡೆಹಿಡಿದ ಕೂಲಿ ತಾನೇ ಕೂಗಿಕೊಳ್ಳುತ್ತದೆ ಎಂಬರ್ಥದ ಮಾತು ಯಾಕೋಬನ ಪತ್ರಿಕೆಯ 5ನೇ ಅಧ್ಯಾಯದಲ್ಲಿದೆ. ಸುಂಕದ ಜಕ್ಕಾಯ ಯೇಸುವಿನ ಮುಂದೆ ಹಾಡು ಹೇಳಲಿಲ್ಲ. ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಎಂದು ಎದ್ದು ನಿಂತು ಲೆಕ್ಕ ಹೇಳಿದ. ನಿಮ್ಮ ನೋಟ್‌ಬುಕ್ಕಿನಲ್ಲಿ ಯಾರದಾದರೂ ಬಾಕಿ ಉಳಿದಿದ್ದರೆ, ಭಾನುವಾರದ ಆರಾಧನೆಗೆ ಹೊರಡುವ ಮುಂಚೆ ಕೊಟ್ಟುಬಿಡಿ.