ನಮ್ಮಿಂದ ಹೆಚ್ಚುವರಿಯಾದವರು

2013ರ ಮಳೆಗಾಲ. ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಗುರುಗಳು ನಮ್ಮ ಶಾಲೆಗೆ ಬಂದರು. ಕುರ್ಚಿ ಎಳೆದು ಕೊಟ್ಟೆ, ಕೂಡಲಿಲ್ಲ. ಚಹಾ ತರಿಸಿದೆ, ಮುಟ್ಟಲಿಲ್ಲ. ನಿಂತುಕೊಂಡೇ ಹೇಳಿದರು: "ಮೇಡಂ, ನಮ್ಮ ಸಾಲ್ಯಾಗಿನ ಇಬ್ಬರು ಮಾಸ್ತರು ಹೆಚ್ಚುವರಿ ಆದ್ರು. ನಿಮಗೂ ಹೇಳಿ ಹೋಗೋಣಂತ ಬಂದೆ."

ಸಿಟ್ಟಿನಿಂದ ಹೇಳಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ಅವರು ಲೆಕ್ಕ ಒಪ್ಪಿಸುವವರ ಹಾಗೆ ಹೇಳಿ ಹೊರಟುಹೋದರು. ಚಹಾ ಆರಿ ಕೆನೆ ಕಟ್ಟಿತು.

ಹುಬ್ಬಳ್ಳಿಯಲ್ಲಿ ಇಪ್ಪತ್ತಾರು ವರ್ಷ ಪಾಠ ಹೇಳಿ ನಿವೃತ್ತಳಾದವಳು ನಾನು. ಊರು ನಮ್ಮ ಯಜಮಾನರದು, ಯಾದಗಿರಿ ಜಿಲ್ಲೆ, ಸುರಪುರ ತಾಲ್ಲೂಕು. ನಾರಾಯಣಪುರ ಎಡದಂಡೆ ಕಾಲುವೆಯ ಟೇಲ್‌ಎಂಡ್. ಅಂದರೆ ನಕ್ಷೆಯಲ್ಲಿ ಕಾಲುವೆ ಬರುತ್ತದೆ, ಹೊಲಕ್ಕೆ ನೀರು ಬರುವುದಿಲ್ಲ. ಅವರ ಪಾಲಿಗೆ ಬಂದ ಎರಡೆಕರೆಯಲ್ಲಿ ಒಂದಿಷ್ಟು ಬಿಟ್ಟು, ತಗಡಿನ ಶೆಡ್ಡು ಹಾಕಿಸಿ, ಟ್ರಸ್ಟ್ ನೋಂದಾಯಿಸಿ, 2011ರ ಜೂನ್‌ನಲ್ಲಿ ಶಾಲೆ ತೆರೆದೆವು. ಒಂದರಿಂದ ಐದು, ಎಲ್ಲ ಪುಕ್ಕಟೆ. ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದು ಒಂದು ವರ್ಷ ಆಗಿತ್ತಷ್ಟೆ. ಮಾನ್ಯತೆಗಾಗಿ ಕಚೇರಿ ಅಲೆದದ್ದೇ ಇನ್ನೊಂದು ಕಥೆ. ಕುಡಿಯುವ ನೀರಿನ ನಳ ಇಲ್ಲದ ಶೆಡ್ಡಿಗೆ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ತಂದು ನೇತುಹಾಕಿದೆವು. ಹೋಗಲಿ ಬಿಡಿ.

ಮುಖ್ಯ ಗುರುಗಳು ಹೇಳಿ ಹೋದ ಲೆಕ್ಕಕ್ಕೆ ಬರುತ್ತೇನೆ. ಕಾಯ್ದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದನೇ ತರಗತಿಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 90ರವರೆಗೆ ಮೂವರು, 120ರವರೆಗೆ ನಾಲ್ವರು. ನಾವು ಬರುವ ಮುಂಚೆ ಆ ಶಾಲೆಯಲ್ಲಿ 94 ಮಕ್ಕಳಿದ್ದರು, ನಾಲ್ವರು ಶಿಕ್ಷಕರು. ಮೊದಲ ವರ್ಷ ನಮ್ಮ ಕಡೆ ಬಂದವರು 23. ಎರಡು ವರ್ಷ ಕಳೆಯುವುದರೊಳಗೆ ಅಲ್ಲಿ ಉಳಿದವರು 57. ಇಬ್ಬರು ಹೆಚ್ಚುವರಿಯಾಗಿ ಬೇರೆ ಊರಿಗೆ ಹೋದರು. ಐದು ತರಗತಿಗೆ ಉಳಿದವರು ಇಬ್ಬರು. ಅವರಲ್ಲೊಬ್ಬರು ಮುಖ್ಯ ಗುರುಗಳು. ಮೀಟಿಂಗು, ತರಬೇತಿ, ಬಿಸಿಯೂಟದ ಅಕ್ಕಿ ಬೇಳೆಯ ಲೆಕ್ಕ ಎಲ್ಲ ಅವರ ತಲೆಯ ಮೇಲೆ.

ನಮ್ಮ ಮಕ್ಕಳ ಸಂಖ್ಯೆ ಏರುತ್ತಿದ್ದುದನ್ನು ವರ್ಷಾವರ್ಷ ದಾನಿಗಳಿಗೆ ಹೆಮ್ಮೆಯಿಂದ ಬರೆದು ಕಳಿಸುತ್ತಿದ್ದೆ. ಆ ಸಂಖ್ಯೆ ಎಲ್ಲಿಂದ ಇಳಿದು ಇಲ್ಲಿ ಏರುತ್ತಿದೆ ಎಂದು ನಾನು ಕೇಳಿಕೊಳ್ಳಲಿಲ್ಲ. ದಾನಿಗಳೂ ಕೇಳಲಿಲ್ಲ.

ಇನ್ನೂ ಕೆಟ್ಟದ್ದೇನೆಂದರೆ, ನಮ್ಮಲ್ಲಿಗೆ ಬಂದವರು ಊರಿನ ಕಡುಬಡವರೇನೂ ಆಗಿರಲಿಲ್ಲ. ಮಕ್ಕಳಿಗೆ ಟೈ ಹಾಕಿಸುತ್ತೀರಾ, ಇಂಗ್ಲಿಷ್ ಕಲಿಸುತ್ತೀರಾ ಎಂದು ಕೇಳುವಷ್ಟು ಪುರಸೊತ್ತು ಇದ್ದ ಮನೆಗಳವರೇ ಮೊದಲು ಬಂದರು. ಕಡುಬಡವರ ಮಕ್ಕಳೂ ಬರಲಿಲ್ಲವೆಂದಲ್ಲ, ಬಂದರು, ನಾವೇ ಉಳಿಸಿಕೊಳ್ಳಲಿಲ್ಲ. ಮೂರು ವಾರ ಸತತ ಗೈರಾದರೆ ಹೆಸರು ತೆಗೆಯುವುದು ಎಂಬ ನಿಯಮ ಮಾಡಿದ್ದೆ. ಶಿಸ್ತು ಬೇಕಲ್ಲ! ಕಾಯ್ದೆಯ 16ನೇ ಕಲಂ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ ಎನ್ನುತ್ತದೆ. ನಾವು ಹೊರಹಾಕಲಿಲ್ಲ, ಟಿ.ಸಿ. ಕೊಟ್ಟೆವು.

ನಮ್ಮ ಕಡೆ ಮೂರು ವಾರ ಗೈರಾಗದೆ ಇರುವುದು ಹೇಗೆ? ದಸರೆ ಮುಗಿಯುತ್ತಲೂ ಹತ್ತಿ ಒಡೆಯುತ್ತದೆ. ಹತ್ತಿ ಬಿಡಿಸಲು ಸಣ್ಣ ಕೈ ಬೇಕು. ದೊಡ್ಡವರು ಹೊಲಕ್ಕೆ ಹೋದರೆ ತೊಟ್ಟಿಲ ಕೂಸನ್ನು ನೋಡಿಕೊಳ್ಳಲು ಎಂಟು ವರ್ಷದ ಅಕ್ಕ ಮನೆಯಲ್ಲಿ ಬೇಕು. ಹೊಲ ಇಲ್ಲದವರು ದೀಪಾವಳಿ ಮುಗಿಸಿ ಗಂಟುಮೂಟೆ ಕಟ್ಟಿ ಬೆಂಗಳೂರಿಗೋ ಪುಣೆಗೋ ಗುಳೆ ಹೊರಟರೆ ಮತ್ತೆ ಬರುವುದು ಯುಗಾದಿಗೆ. ಒಬ್ಬ ತಾಯಿ ಟಿ.ಸಿ. ಕೈಯಲ್ಲಿ ಹಿಡಿದು ಹೇಳಿದ್ದು ನೆನಪಿದೆ: "ಏನ್ ಮಾಡ್ಲಿರಿ ಅಕ್ಕೋರೆ, ಬಿಟ್ಟು ಹೋದ್ರ ಉಣ್ಣಾಕ ಹಾಕೋರು ಯಾರದಾರ?" ನಾನು ಆಗ ಅದನ್ನು ನೆಪ ಅಂದುಕೊಂಡೆ. ಅದು ಪ್ರಶ್ನೆಯಾಗಿತ್ತು.

ಹಾಗೆ ಹೋಗಿ ಬಂದ ಹುಡುಗನೊಬ್ಬ ಏಪ್ರಿಲ್‌ನಲ್ಲಿ ಶಾಲೆಯ ಕಟ್ಟೆಗೆ ಬಂದು ಕೂತಿದ್ದ. ಮೂರನೇ ತರಗತಿ ಓದಬೇಕಾದವನು, ಆರು ತಿಂಗಳು ಬೆಂಗಳೂರಿನ ಕಟ್ಟಡದ ಕೆಲಸದ ಜಾಗದಲ್ಲಿ ಇದ್ದವನು. ಎರಡನೇ ತರಗತಿಯ ಪುಸ್ತಕ ಕೊಟ್ಟೆ, ಒಂದು ಸಾಲು ಓದಲಾಗಲಿಲ್ಲ. ಸುಮ್ಮನೆ ಕೇಳಿದೆ, ಒಂದು ಚೀಲ ಸಿಮೆಂಟಿಗೆ ಐದು ಪುಟ್ಟಿ ಉಸುಕು ಹಾಕಿದರೆ ಏಳು ಚೀಲಕ್ಕೆ ಎಷ್ಟು? "ಮೂವತ್ತೈದ್ರಿ. ಗೋಡಿಗಿ ಬ್ಯಾರೆ, ಗಿಲಾವಿಗಿ ಬ್ಯಾರೆ ಇರ್ತದ್ರಿ, ಯಾವುದಕ್ಕ ಕೇಳ್ತೀರಿ?" ಎಂದ. ಪ್ರಶ್ನೆ ಸರಿಯಾಗಿ ಕೇಳಲು ಬಾರದವಳು ನಾನೇ ಆದೆ. ಇಂಥ ಹುಡುಗನನ್ನು ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆದು ತೆಗೆದಿದ್ದೆ.

ಇನ್ನು ಊಟ. 2002ರಲ್ಲಿ ಬಿಸಿಯೂಟ ಮೊದಲು ಶುರುವಾದದ್ದೇ ನಮ್ಮ ಕಡೆಯ ಏಳು ಜಿಲ್ಲೆಗಳಲ್ಲಿ. ಅದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ, ನಮ್ಮಂಥವರಿಗಲ್ಲ. ಇದು ನನಗೆ ಗೊತ್ತಿತ್ತು, ಆದರೆ ಗೊತ್ತಿರುವುದು ಬೇರೆ, ಮಧ್ಯಾಹ್ನದ ಗಂಟೆ ಹೊಡೆದಾಗ ನಮ್ಮ ಮಕ್ಕಳು ಆ ಶಾಲೆಯ ಕಂಪೌಂಡಿನ ಹತ್ತಿರ ನಿಂತು ಸಾರಿನ ವಾಸನೆ ನೋಡುವುದನ್ನು ಕಾಣುವುದು ಬೇರೆ. 2013ರ ಆಗಸ್ಟಿನಿಂದ ಅಲ್ಲಿ ಕ್ಷೀರಭಾಗ್ಯದ ಹಾಲೂ ಶುರುವಾಯಿತು. ನಾವೂ ಅಡುಗೆಯವಳನ್ನು ಇಟ್ಟೆವು. ಮಗುವಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ ಎಂಬ ಸರ್ಕಾರದ ಅಳತೆಯನ್ನೇ ಹಿಡಿದು ಲೆಕ್ಕ ಹಾಕಿದೆ. ನಮ್ಮ ಯಜಮಾನರು ಬ್ಯಾಂಕಿನಲ್ಲಿದ್ದವರು, ಲೆಕ್ಕದ ಹಾಳೆ ನೋಡಿ ಕನ್ನಡಕ ತೆಗೆದಿಟ್ಟು ಅಂದರು: "ಅಲ್ಲೇ ಇದ್ದಿದ್ರ ಈ ಹುಡುಗರಿಗೆ ಊಟ, ಪುಸ್ತಕ, ಬಟ್ಟಿ ಎಲ್ಲ ಸಿಗ್ತಿತ್ತು. ನಾವು ಅದನ್ನ ಬಿಡಿಸಿ, ಮಂದಿ ಹತ್ರ ರೊಕ್ಕ ಎತ್ತಿ ಅದನ್ನ ಕೊಡಾಕ ಹತ್ತೀವಿ." ಎರಡು ದಿನ ಅವರ ಜೊತೆ ಮಾತಾಡಲಿಲ್ಲ.

ದಾನದ ಮಾತು ಬಂತಲ್ಲ, ಒಂದು ಸಂಗತಿ ಹೇಳಿಬಿಡುತ್ತೇನೆ. ನಗರದ ಒಬ್ಬ ದಾನಿ 60 ಜೊತೆ ಕರೀ ಬೂಟು ಕಳಿಸಿದರು. ಮಾರನೇ ದಿನ ಮಕ್ಕಳು ಬೂಟು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಬಂದರು, ಬಾಗಿಲ ಮುಂದೆ ಸಾಲಾಗಿ ಇಟ್ಟು ಒಳಗೆ ಬಂದರು, ಸಂಜೆ ಮತ್ತೆ ಕೈಯಲ್ಲಿ ಹಿಡಿದು ಹೋದರು. ಹಾಕಿಕೊಂಡರೆ ಸವೆಯುತ್ತವಲ್ಲ! ತಿಂಥಣಿ ಮೌನೇಶ್ವರನ ಜಾತ್ರೆಯ ದಿನ ಎಲ್ಲ ಬೂಟುಗಳೂ ಕಾಲಿಗೇರಿದವು, ಅಷ್ಟರಲ್ಲಿ ಅರ್ಧ ಮಕ್ಕಳ ಕಾಲು ಬೆಳೆದಿದ್ದವು.

ಪುಕ್ಕಟೆ ಕೊಟ್ಟದ್ದಕ್ಕೆ ಬೆಲೆ ಇರುವುದಿಲ್ಲ, ಸ್ವಲ್ಪವಾದರೂ ಫೀ ಇಡಿ ಎಂದು ಬುದ್ಧಿ ಹೇಳಿದವರು ಬಹಳ. ಅವರ ಮಾತು ಕೇಳಿ ತಿಂಗಳಿಗೆ ಇಪ್ಪತ್ತು ರೂಪಾಯಿ ಇಟ್ಟು ನೋಡಿದೆ. ಕೊಡಬಲ್ಲವರು ತಡಮಾಡಿ ಕೊಟ್ಟರು. ಕೊಡಲಾಗದ ಕೇರಿಯ ಇಬ್ಬರು ಹುಡುಗಿಯರು ನಾಚಿಕೆಯಿಂದ ಬರುವುದನ್ನೇ ಬಿಟ್ಟರು. ಎರಡನೇ ತಿಂಗಳಿಗೆ ಫೀ ತೆಗೆದೆ, ಹುಡುಗಿಯರು ಮರಳಿ ಬರಲಿಲ್ಲ. ಆ ಬುದ್ಧಿಮಾತು ಇವತ್ತಿಗೂ ಎಲ್ಲಾದರೂ ಕಿವಿಗೆ ಬಿದ್ದರೆ ಮೈ ಉರಿಯುತ್ತದೆ.

ಒಂದು ಕೆಲಸವನ್ನು ಮಾತ್ರ ಸರಿಯಾಗಿ ಮಾಡಿದೆವು ಅನಿಸುತ್ತದೆ, ಅದೂ ತಡವಾಗಿ. ತಾಂಡಾದಿಂದ ಬರುತ್ತಿದ್ದ ಲಂಬಾಣಿ ಮಕ್ಕಳು ಒಂದನೇ ತರಗತಿಯಲ್ಲಿ ತಿಂಗಳುಗಟ್ಟಲೆ ಬಾಯಿ ಬಿಡುತ್ತಿರಲಿಲ್ಲ. ಮಂದಬುದ್ಧಿ ಎಂದು ನಮ್ಮ ಶಿಕ್ಷಕಿಯರು ಪಿಸುಗುಟ್ಟುತ್ತಿದ್ದರು, ನಾನೂ ಸುಮ್ಮನಿದ್ದೆ. ಒಂದು ದಿನ ಚಿತ್ರದಲ್ಲಿ ಮಗುವನ್ನೆತ್ತಿಕೊಂಡ ಹೆಂಗಸನ್ನು ತೋರಿಸಿ ಇದು ಯಾರು ಎಂದು ಕೇಳಿದಾಗ ಹುಡುಗಿಯೊಬ್ಬಳು "ಯಾಡಿ" ಅಂದಳು. ಶಿಕ್ಷಕಿ "ತಪ್ಪು, ತಾಯಿ ಅನ್ನು" ಎಂದರು. ಅವಳ ಭಾಷೆಯಲ್ಲಿ ಯಾಡಿ ಎಂದರೆ ತಾಯಿ. ತಾಂಡಾದ ಪಿಯುಸಿ ಮುಗಿಸಿದ ಹುಡುಗಿಯೊಬ್ಬಳನ್ನು ಮರುವಾರವೇ ಕರೆತಂದೆ. ಅವಳು ಮೊದಲ ಮೂರು ತಿಂಗಳು ಕಥೆ, ಲೆಕ್ಕ ಎಲ್ಲವನ್ನೂ ಲಂಬಾಣಿಯಲ್ಲೇ ಮಾತಾಡಿಸಿದಳು, ಕನ್ನಡವನ್ನು ಪಕ್ಕದಲ್ಲಿ ಮೆಲ್ಲಗೆ ಕೂಡಿಸಿದಳು. ಮಕ್ಕಳು ಎಷ್ಟು ಗದ್ದಲ ಹಾಕತೊಡಗಿದರೆಂದರೆ ನಾನೇ ಒಮ್ಮೊಮ್ಮೆ ಬೈಯಬೇಕಾಯಿತು. ಆಮೇಲೆ ಅವಳು ಕೆಲಸ ಮಾಡುತ್ತಲೇ ಡಿ.ಎಡ್. ಕಟ್ಟಿದಳು. ನಾವು ಕೊಡುತ್ತಿದ್ದ ಸಂಬಳ ಹೊಲದ ಕೂಲಿಗಿಂತ ಹೆಚ್ಚೇನೂ ಇರಲಿಲ್ಲ. ಹಳ್ಳಿಯ ಸೇವಾ ಶಾಲೆಗಳೆಲ್ಲ ನಡೆಯುವುದು ಇಂಥ ಹುಡುಗಿಯರ ಅಗ್ಗದ ದುಡಿಮೆಯ ಮೇಲೆ. ಸೇವೆ ಎಂಬ ಹೆಸರು ಮಾತ್ರ ನಮಗೆ.

2018ರ ಮಾರ್ಚ್‌ನಲ್ಲಿ ಒಂದರಿಂದ ಐದನ್ನು ನಿಲ್ಲಿಸಿದೆವು. ದುಡ್ಡು ಮುಗಿದು ಅಲ್ಲ. ಟ್ರಸ್ಟಿನಲ್ಲಿ ಜಗಳವಾಯಿತು, ಒಬ್ಬರು ರಾಜೀನಾಮೆ ಕೊಟ್ಟರು. ಊರಿನಲ್ಲಿ ಬೈಸಿಕೊಂಡೆವು, ಟೈ ಕೇಳಿದವರು ಮಕ್ಕಳನ್ನು ವ್ಯಾನ್ ಹತ್ತಿಸಿ ಪಕ್ಕದ ಊರಿನ ಖಾಸಗಿ ಶಾಲೆಗೆ ಕಳಿಸಿದರು. ಉಳಿದ ಮಕ್ಕಳನ್ನು ನಾನೇ ಕರೆದುಕೊಂಡು ಹೋಗಿ ಸರ್ಕಾರಿ ಶಾಲೆಗೆ ಸೇರಿಸಿದೆ. ಚಹಾ ಕುಡಿಯದೆ ಹೋದ ಮುಖ್ಯ ಗುರುಗಳು ಅಷ್ಟರಲ್ಲಿ ವರ್ಗವಾಗಿದ್ದರು. ಅವರಿಗೆ ಹೇಳಬೇಕಾದ ಮಾತು ಹಾಗೇ ಉಳಿಯಿತು.

ಈಗ ಅಲ್ಲಿ 81 ಮಕ್ಕಳಿದ್ದಾರೆ. ಮೂರನೇ ಹುದ್ದೆ ಕಾಗದದ ಮೇಲೆ ಮರಳಿದೆ, ಕಾಯಂ ಶಿಕ್ಷಕರು ಬಂದಿಲ್ಲ. ಆ ಜಾಗದಲ್ಲಿ ಅತಿಥಿ ಶಿಕ್ಷಕಿಯಾಗಿ ಪಾಠ ಹೇಳುತ್ತಿರುವವಳು ನಮ್ಮ ತಾಂಡಾದ ಹುಡುಗಿ. ಗೌರವಧನ ತಿಂಗಳಿಗೆ ಸರಿಯಾಗಿ ಬರುವುದಿಲ್ಲ ಎಂದು ಬೈಯುತ್ತಾಳೆ, ನಮ್ಮ ಸಂಬಳವನ್ನೂ ಸೇರಿಸಿಯೇ ಬೈಯುತ್ತಾಳೆ.

ನಮ್ಮ ಶೆಡ್ಡು ಈಗ ಶಾಲೆಯಲ್ಲ. ಅಪ್ಪ ಅವ್ವ ಗುಳೆ ಹೋದ ಮಕ್ಕಳು ದೀಪಾವಳಿಯಿಂದ ಯುಗಾದಿವರೆಗೆ ಅಲ್ಲಿ ಇರುತ್ತಾರೆ. ಬೆಳಗ್ಗೆ ರೊಟ್ಟಿ ತಿಂದು ಸರ್ಕಾರಿ ಶಾಲೆಗೆ ಹೋಗುತ್ತಾರೆ, ಸಂಜೆ ಬರುತ್ತಾರೆ, ಉಂಡು ಮಲಗುತ್ತಾರೆ. ಆ ತಾಯಿ ಕೇಳಿದ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಏಳು ವರ್ಷ ಹಿಡಿಯಿತು. ಈ ವರ್ಷ 23 ಮಕ್ಕಳಿದ್ದಾರೆ, ಅವರಲ್ಲಿ ಒಂಬತ್ತು ಹುಡುಗಿಯರು. ರಾತ್ರಿ ಅವರ ಜೊತೆ ಉಳಿಯಲು ಊರಿನ ಒಬ್ಬ ಹೆಂಗಸನ್ನು ಹುಡುಕುತ್ತಿದ್ದೇವೆ. ಸಿಗುವವರೆಗೆ ಬಾಗಿಲ ಹತ್ತಿರದ ಚಾಪೆ ನನ್ನದು.