ಪ್ಯಾಕ್ ಸತ್ತರೆ ಸೆಟ್ಟು ಸತ್ತಂತಲ್ಲ

ಹೈದರಾಬಾದಿನಲ್ಲಿ 1983ರಲ್ಲಿ ಶುರುವಾದ ರಾಷ್ಟ್ರೀಯ ಹವ್ಯಾಸಿ ರೇಡಿಯೊ ಸಂಸ್ಥೆಯ ಭಾರತಿ ಪ್ರಸಾದ್, 2004ರ ಡಿಸೆಂಬರಿನಲ್ಲಿ ತಂಡದೊಂದಿಗೆ ಪೋರ್ಟ್ ಬ್ಲೇರ್‌ಗೆ ಹೋಗಿದ್ದರು. 26ರಂದು ಸುನಾಮಿ ಬಡಿದು ಫೋನುಗಳು ಮೂಕವಾದಾಗ ಅವರ ರೇಡಿಯೊ ಕೇಂದ್ರ ದ್ವೀಪದ ಸುದ್ದಿಯನ್ನು ಹೊರಗೆ ದಾಟಿಸಿತು. ಕರೆಂಟು ಹೋದ ದಿನ ಊರಿಗೆ ಉಪಯೋಗಕ್ಕೆ ಬರಲೆಂದೇ ನಾವು ಹವ್ಯಾಸಿ ರೇಡಿಯೊದವರು, ಅಂದರೆ ಹ್ಯಾಮ್‌ಗಳು ಸೆಟ್ಟು ಇಟ್ಟುಕೊಳ್ಳುವುದು. ಆ ದಿನ ಮೊದಲು ಕೈಕೊಡುವುದು ಬ್ಯಾಟರಿಯೇ. ಹೈದರಾಬಾದಿನ ಸೆಕೆಯಲ್ಲಿ ಹಳೆಯ ಸೆಟ್ಟುಗಳ ಜತೆ ಏಗುತ್ತಾ ನಾನು ಕಲಿತದ್ದು ಇಷ್ಟು.

1. ಸುಮ್ಮನೆ ಕೂತ ಬ್ಯಾಟರಿಯ ವೋಲ್ಟೇಜನ್ನು ನಂಬಬೇಡಿ. 7.4 ವೋಲ್ಟಿನ ಪ್ಯಾಕ್ ಮೇಜಿನ ಮೇಲೆ 7.8 ತೋರಿಸಿ, ಮಾತಾಡಲು ಪಿಟಿಟಿ ಗುಂಡಿ ಒತ್ತಿದ ಕ್ಷಣ 6ಕ್ಕಿಂತ ಕೆಳಗೆ ಕುಸಿಯಬಹುದು. ಕೇಳಿಸುತ್ತದೆ, ಮಾತಾಡಲು ಹೋದರೆ ಸೆಟ್ಟು ಆಫ್ ಆಗುತ್ತದೆ ಎಂದರೆ ಸರ್ಕ್ಯೂಟ್ ಬಿಚ್ಚುವ ಮೊದಲು ಬ್ಯಾಟರಿಯನ್ನೇ ಅನುಮಾನಿಸಿ. ಪವರ್ ಕಡಿಮೆ ಮಾಡಿದಾಗ ಸರಿಹೋದರೆ ಅನುಮಾನ ಗಟ್ಟಿಯಾಯಿತು. ಪೂರ್ತಿ ಚಾರ್ಜ್ ಆದ 12 ವೋಲ್ಟಿನ 7 ಆಂಪಿಯರ್-ಅವರ್ ಯುಪಿಎಸ್ ಬ್ಯಾಟರಿಗೆ ಕಾರಿನ 55 ವಾಟಿನ ಹೆಡ್‌ಲೈಟ್ ಬಲ್ಬೇ ಒಳ್ಳೆಯ ಪರೀಕ್ಷಕ. ಬಲ್ಬು ಹತ್ತಿದ ಕೂಡಲೇ ಮೀಟರು 11ಕ್ಕಿಂತ ಕೆಳಗಿಳಿದರೆ ಅದರ ಆಯಸ್ಸು ಮುಗಿದಿದೆ.

2. ಹಳೆಯ ನಿಕಲ್-ಕ್ಯಾಡ್ಮಿಯಂ ಪ್ಯಾಕ್‌ನಲ್ಲಿ ಎಲ್ಲ ಸೆಲ್‌ಗಳೂ ಒಟ್ಟಿಗೆ ಸಾಯುವುದು ಅಪರೂಪ. 1.2 ವೋಲ್ಟಿನ ಆರು ಸೆಲ್‌ಗಳಲ್ಲಿ ಒಂದು ಸೊನ್ನೆಗೆ ಇಳಿದರೂ ಇಡೀ ಸಾಲು ಕುಂಟುತ್ತದೆ. ಒಳಗೆ ಕೂದಲೆಳೆಯಂಥ ಲೋಹದ ಎಳೆ ಬೆಳೆದು ಸೆಲ್ ಶಾರ್ಟ್ ಆಗಿರುತ್ತದೆ. ಒಮ್ಮೆಲೇ ಹೆಚ್ಚು ಕರೆಂಟು ಹಾಯಿಸಿ ಆ ಎಳೆಯನ್ನು ಸುಟ್ಟು ಸೆಲ್ ಎಬ್ಬಿಸುವ ಉಪಾಯ ಹಳಬರಿಗೆಲ್ಲ ಗೊತ್ತು. ಸೆಲ್ ಏಳುವುದೂ ನಿಜ. ಆದರೆ ನಡುವಿನ ಪದರ ಆಗಲೇ ಗಾಯಗೊಂಡಿರುವುದರಿಂದ ಎಳೆ ಮತ್ತೆ ಬೆಳೆಯುತ್ತದೆ. ತುರ್ತು ಕೆಲಸಕ್ಕೆ ಇಡುವ ಸೆಟ್ಟಿಗೆ ಇಂಥ ಸೆಲ್ ಹಾಕುವುದು ಸರಿಯಲ್ಲ.

ಸೆಲ್ ಬದಲಿಸುವುದಾದರೆ ಎಲ್ಲವನ್ನೂ ಬದಲಿಸಿ. ಎಲ್ಲವೂ ಒಂದೇ ಕಂಪನಿಯವು, ಒಂದೇ ಸಾಮರ್ಥ್ಯದವು ಆಗಿರಲಿ. ಸೆಲ್ ಮೇಲೆ ನೇರವಾಗಿ ಬೆಸುಗೆ ಹಾಕಿದರೆ ಒಳಗಿನ ಸೀಲು ಬೇಯುತ್ತದೆ. ಪಟ್ಟಿ ಕೂರಿಸಿದ ಸೆಲ್‌ಗಳನ್ನೇ ಕೇಳಿ ತನ್ನಿ, ಇಲ್ಲವೇ ಸ್ಪಾಟ್ ವೆಲ್ಡಿಂಗ್ ಮಾಡಿಸಿ. ಬಿಡಿಭಾಗಗಳಿಗೆ ಕೋಠಿಯ ಗುಜರಾತಿ ಗಲ್ಲಿ ಇದ್ದೇ ಇದೆ. ಕ್ಯಾಡ್ಮಿಯಂ ಜಾಗಕ್ಕೆ ನಿಕಲ್-ಮೆಟಲ್ ಹೈಡ್ರೈಡ್ ಹಾಕಿದರೆ ಹಳೆಯ ಚಾರ್ಜರಿನಲ್ಲಿ ಹೆಚ್ಚು ಹೊತ್ತು ಬೇಕಾಗುತ್ತದೆ. ತುಂಬಿದ ಮೇಲೂ ಅಲ್ಲೇ ಬಿಟ್ಟರೆ ಅವು ಕ್ಯಾಡ್ಮಿಯಂನಷ್ಟು ತಾಳಿಕೊಳ್ಳುವುದಿಲ್ಲ.

3. ಊದಿಕೊಂಡ ಲಿಥಿಯಂಗೆ ಎರಡನೇ ಅವಕಾಶ ಇಲ್ಲ. ಸೆಲ್ ತೀರಾ ಖಾಲಿಯಾಗಿ 2 ವೋಲ್ಟಿಗಿಂತ ಕೆಳಗೆ ಬಹಳ ದಿನ ಉಳಿದರೆ ಒಳಗಿನ ತಾಮ್ರ ಕರಗುತ್ತದೆ, ಮತ್ತೆ ಚಾರ್ಜ್ ಮಾಡುವಾಗ ಅದೇ ಶಾರ್ಟಿಗೆ ದಾರಿಯಾಗಿ ಬೆಂಕಿ ಹೊತ್ತಬಹುದು. ಆದರೆ ಪ್ಯಾಕ್‌ನ ತುದಿಯಲ್ಲಿ ಸೊನ್ನೆ ತೋರಿಸಿದ ಮಾತ್ರಕ್ಕೆ ಎಸೆಯಬೇಡಿ, ರಕ್ಷಣಾ ಸರ್ಕ್ಯೂಟ್ ಬಾಗಿಲು ಹಾಕಿಕೊಂಡಿರಬಹುದು. ಅದರದೇ ಚಾರ್ಜರಿನಲ್ಲಿಟ್ಟು, ಪಕ್ಕದಲ್ಲೇ ಕೂತು ನೋಡಿ. ಬಿಸಿಯಾದರೆ ಅಲ್ಲಿಗೆ ನಿಲ್ಲಿಸಿ.

4. ನಮ್ಮ ಊರಿನ ದೊಡ್ಡ ಶತ್ರು ಮೇ ತಿಂಗಳು. 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಸೀಸದ ಬ್ಯಾಟರಿಯ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಇಲ್ಲಿ ಹೊರಗೇ 40 ದಾಟುವಾಗ ತಾರಸಿಯ ಕೋಣೆ, ನಿಲ್ಲಿಸಿದ ಕಾರು ಯಾವುದೂ ಬ್ಯಾಟರಿಯ ಜಾಗವಲ್ಲ. ಸೀಸದ್ದನ್ನು ಪೂರ್ತಿ ತುಂಬಿಸಿಡಿ, ಲಿಥಿಯಂ ಅರ್ಧ ತುಂಬಿರಲಿ.

5. ಹ್ಯಾಮ್ ಒಬ್ಬರು ತೀರಿಕೊಂಡರೆ ನಾವು ಅವರನ್ನು ಸೈಲೆಂಟ್ ಕೀ ಎನ್ನುತ್ತೇವೆ. ಮನೆಯವರು ಅವರ ಸೆಟ್ಟುಗಳನ್ನು ಕೊಟ್ಟಾಗ ಮೊದಲು ಬ್ಯಾಟರಿ ಪೆಟ್ಟಿಗೆ ತೆರೆಯಿರಿ. ನಿಕಲ್ ಸೆಲ್‌ನಿಂದ ಸೋರಿದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಕೈಗೆ ಗ್ಲೌಸ್ ಹಾಕಿಕೊಂಡು ವಿನಿಗರ್ ಅಥವಾ ನಿಂಬೆರಸ ಅದ್ದಿದ ಹತ್ತಿಯಿಂದ ಒರೆಸಿ, ಬಳಿಕ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಶುಚಿಗೊಳಿಸಿದರೆ ಎಷ್ಟೋ ಸೆಟ್ಟುಗಳು ಬದುಕುತ್ತವೆ.

ಆದರೆ ಕಣ್ಣಿಗೆ ಬಿದ್ದ ಬ್ಯಾಟರಿಯನ್ನೆಲ್ಲ ಕೀಳಬೇಡಿ. ಐಕಾಮ್ ಐಸಿ-751, ಐಸಿ-ಆರ್71 ಸೆಟ್ಟುಗಳ ಒಳಗಿನ ಸಣ್ಣ ಲಿಥಿಯಂ ಸೆಲ್ ಸೆಟ್ಟು ನಡೆಸುವ ಪ್ರೋಗ್ರಾಮನ್ನೇ ರ‍್ಯಾಮ್‌ನಲ್ಲಿ ಹಿಡಿದಿಟ್ಟಿರುತ್ತದೆ. ಅದು ರೀಚಾರ್ಜ್ ಆಗುವ ಜಾತಿಯದಲ್ಲ. ಪಕ್ಕದಿಂದ 3 ವೋಲ್ಟ್ ಕೊಡುತ್ತಲೇ ಬದಲಿಸಬೇಕು. ವಿದ್ಯುತ್ ತಪ್ಪಿದರೆ ಪ್ರೋಗ್ರಾಮ್ ಅಳಿಸಿಹೋಗಿ ರೇಡಿಯೊ ಕೆಲಸ ನಿಲ್ಲಿಸುತ್ತದೆ.

6. ಸಾಧ್ಯವಿರುವ ಸೆಟ್ಟಿಗೆಲ್ಲ ಸಾಮಾನ್ಯ ಎಎ ಸೆಲ್ ಹಾಕುವ ಖಾಲಿ ಪೆಟ್ಟಿಗೆ ಕೊಂಡಿಡಿ. ಯಾಎಸು ಕಂಪನಿಯ ಎಫ್‌ಟಿ-817 ಎಂಟು ಎಎ ಸೆಲ್‌ಗಳಲ್ಲಿ ನಡೆಯುತ್ತದೆ. ಪ್ರವಾಹದ ದಿನ ಅಂಗಡಿಯಲ್ಲಿ ಸಿಗುವುದು ಎಎ ಸೆಲ್ಲೇ ಹೊರತು ಕಂಪನಿಯ ಪ್ಯಾಕ್ ಅಲ್ಲ. ದೊಡ್ಡ ಸೆಟ್ಟಿಗೆ ನಾಲ್ಕು ಸೆಲ್‌ಗಳ 12.8 ವೋಲ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಈಗ ನನ್ನ ಮೊದಲ ಆಯ್ಕೆ. ತೂಕವೂ ಕಡಿಮೆ, 13.8 ವೋಲ್ಟಿನ ರೇಡಿಯೊಗಳಿಗೂ ಒಗ್ಗುತ್ತದೆ.

7. ಸತ್ತದ್ದನ್ನು ಕಸದ ಗಾಡಿಗೆ ಹಾಕಬೇಡಿ. ಕ್ಯಾಡ್ಮಿಯಂ ಮೂತ್ರಪಿಂಡಕ್ಕೆ ವಿಷ; ಸೀಸ ಮಕ್ಕಳ ಮಿದುಳಿಗೆ ವಿಷ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಬೇರೆ ಕಸದಿಂದ ಬೇರ್ಪಡಿಸಿ, ಸಂಗ್ರಹಿಸುವವರಿಗೋ ಮರುಬಳಕೆ ಮಾಡುವವರಿಗೋ ಮುಟ್ಟಿಸುವುದು ಬಳಕೆದಾರನ ಹೊಣೆ. ಎರಡೂ ತುದಿಗೆ ಟೇಪ್ ಸುತ್ತಿ ಕೊಡಿ. ನಿಮ್ಮ ಕ್ಲಬ್ಬಿನಲ್ಲಿ ಇದಕ್ಕೆಂದೇ ಒಂದು ಡಬ್ಬ ಇಲ್ಲದಿದ್ದರೆ ಮುಂದಿನ ಸಭೆಯಲ್ಲೇ ಇಡಿಸಿ.